ಭಾನುವಾರದ ಚರ್ಚೆಗೆ: ಕ್ರಾಸ್‌ಮಾಗ್ಲೆನ್ ರೇಂಜರ್ಸ್

ಸದಸ್ಯರೆಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ನಾವು ಮಾತನಾಡಲಿರುವುದು ಉತ್ತರ ಐರ್ಲೆಂಡಿನ ಆರ್ಮಾ ಕೌಂಟಿಯ (ಜಿಲ್ಲೆಯಂಥ ಪ್ರದೇಶ) ಗೇಲಿಕ್ ಫುಟ್ಬಾಲ್ ಕ್ಲಬ್ಬಿನ ಬಗ್ಗೆ. ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು: ತಂಡಕ್ಕೆ 15 ಜನ, ಚೆಂಡನ್ನು ಕೈಯಲ್ಲಿ ಹಿಡಿಯಲೂಬಹುದು, ಒದೆಯಲೂಬಹುದು, ಒಂದು ಗೋಲಿಗೆ 3 ಅಂಕ. ಆಟಗಾರರಿಗೆ ಸಂಬಳವಿಲ್ಲ, ಸಾಮಾನ್ಯವಾಗಿ ತಮ್ಮ ಊರಿನ ಕ್ಲಬ್ಬಿಗೇ ಆಡುತ್ತಾರೆ.

ಐರ್ಲೆಂಡ್ ಗಣರಾಜ್ಯದ ಗಡಿಯಂಚಿನಲ್ಲಿರುವ, ಎರಡು ಸಾವಿರ ಜನರೂ ಇಲ್ಲದ ಊರಿನಲ್ಲಿ 1887ರಲ್ಲಿ ಹುಟ್ಟಿದ ಕ್ಲಬ್ ಇದು. ಉತ್ತರ ಐರ್ಲೆಂಡ್ ಬ್ರಿಟನ್ನಿನ ಜೊತೆ ಇರಬೇಕೋ, ಐರ್ಲೆಂಡಿಗೆ ಸೇರಬೇಕೋ ಎಂಬ ಸಶಸ್ತ್ರ ಸಂಘರ್ಷ ನಡೆಯುತ್ತಿದ್ದ 1970ರ ದಶಕದಲ್ಲಿ ಬ್ರಿಟಿಷ್ ಸೇನೆ ಇದರ ಮೈದಾನದ ಒಂದು ಭಾಗವನ್ನೇ ವಶಪಡಿಸಿಕೊಂಡಿತು. ಮೈದಾನಕ್ಕೆ ತಾಗಿಕೊಂಡೇ ಸೇನಾ ಠಾಣೆ, ಕಾವಲು ಗೋಪುರ. ತಲೆಯ ಮೇಲೆ ಹೆಲಿಕಾಪ್ಟರುಗಳ ಅಬ್ಬರ. ಅದರ ನಡುವೆಯೇ ಹುಡುಗರು ಅಭ್ಯಾಸ ಮಾಡಿದರು. ನನ್ನ ಮಟ್ಟಿಗೆ ಈ ಕ್ಲಬ್ಬಿನ ಅತಿದೊಡ್ಡ ಸಾಧನೆ ಟ್ರೋಫಿಗಳಲ್ಲ, ಆ ವರ್ಷಗಳಲ್ಲಿ ಆಟ ನಿಲ್ಲಿಸದೇ ಇದ್ದದ್ದು.

ಟ್ರೋಫಿಗಳೂ ಕಡಿಮೆಯೇನಲ್ಲ. 1996ರಿಂದ 2008ರವರೆಗೆ ಸತತ 13 ಬಾರಿ ಆರ್ಮಾ ಚಾಂಪಿಯನ್; 1997, 1999, 2000, 2007, 2011 ಮತ್ತು 2012ರಲ್ಲಿ ಅಖಿಲ ಐರ್ಲೆಂಡ್ ಕ್ಲಬ್ ಚಾಂಪಿಯನ್. ಮೊದಲ ಮೂರು ಗೆಲುವುಗಳಲ್ಲಿ ತಂಡವನ್ನು ಪಳಗಿಸಿದ ಜೋ ಕೆರ್ನನ್ ಇದೇ ಊರಿನವರು. ಕೌಂಟಿ ತಂಡಗಳಿಗೆ ಬೇರೆಯೇ ಟೂರ್ನಿ ಇದೆ; ಅದರಲ್ಲಿ 2002ರಲ್ಲಿ ಆರ್ಮಾ ಕೌಂಟಿ ತಂಡಕ್ಕೆ ಮೊದಲ ಅಖಿಲ ಐರ್ಲೆಂಡ್ ಕಿರೀಟ ತಂದುಕೊಟ್ಟವರೂ ಅವರೇ.

ಪ್ರಶ್ನೆಗಳನ್ನು ಶುಕ್ರವಾರದೊಳಗೆ ಇಲ್ಲೇ ಬರೆಯಿರಿ. ಕರೆಯ ಲಿಂಕ್ ಶನಿವಾರ ಬರುತ್ತದೆ. ಅಲ್ಲಿಯವರೆಗೆ ದಯವಿಟ್ಟು ಬೇರೆ ಫಾರ್ವರ್ಡ್‌ಗಳನ್ನು ಹಾಕಬೇಡಿ.