ಮೂಲೆ ಒಲೆಯ ಕಾಕುಗೆ

ಕಳೆದ ಸೋಮವಾರ ಬ್ಯಾಂಕಿಗೆ ಕೊನೆಯ ಕಂತು ಕಟ್ಟಿ ಬಂದೆ. ವಿಜಯಪುರದಲ್ಲಿ ಖಾನಾವಳಿ ಹಾಕಲು 2017ರಲ್ಲಿ ತೆಗೆದ ಸಾಲ ಅದು. ಸುದ್ದಿ ಕೇಳಿ ಫೋನ್ ಮಾಡಿದವರಿಗೆ, ಅಂಗಡಿಗೇ ಬಂದು ಖುಷಿಪಟ್ಟವರಿಗೆ ಶರಣು. ಉದ್ರಿ ಕೊಟ್ಟ ಕಿರಾಣಿಯವರು, ಬಾಡಿಗೆ ತಡವಾದರೂ ಬಾಯಿ ಬಿಡದ ಕಟ್ಟಡದ ಮಾಲಕರು, ಕಿವಿಯಲ್ಲಿದ್ದದ್ದನ್ನು ಬಿಚ್ಚಿಕೊಟ್ಟ ಹೆಂಡತಿ, ಎಲ್ಲರಿಗೂ. ಆದರೆ ನಾನು ಜಾಸ್ತಿ ಹೇಳಬೇಕಾಗಿರುವುದು ಇದಕ್ಕೂ ಇಪ್ಪತ್ತು ವರ್ಷ ಹಿಂದಿನವರ ಬಗ್ಗೆ.

1996ರಲ್ಲಿ ಇಂಡಿ ತಾಲೂಕಿನ ಹಳ್ಳಿಯಿಂದ ಪಿಯುಸಿ ಓದಲು ಬಂದೆ. ಆಗಿನ್ನೂ ಊರಿನ ಹೆಸರು ಬಿಜಾಪುರ, ಸೊಲ್ಲಾಪುರಕ್ಕೆ ಹೋಗುವುದು ಮೀಟರ್ ಗೇಜ್ ರೈಲು. ಮೊದಲು ಸೇರಿದ ಹೋಟೆಲಿನವರು (ಹೆಸರು ಬೇಡ ಬಿಡಿ) ಎರಡು ತಿಂಗಳು ಲೋಟ ತೊಳೆಸಿ ಪಗಾರ ಕೊಡಲಿಲ್ಲ. ಸಿಟ್ಟಿನಲ್ಲಿ ಹೊರಬಿದ್ದವನು ಸ್ಟೇಷನ್ ರಸ್ತೆ ಹತ್ತಿರದ ಓಣಿಯೊಂದರಲ್ಲಿ ರೊಟ್ಟಿ ವಾಸನೆ ಹಿಡಿದು ಹೋಗಿ, ಒಂದು ಖಾನಾವಳಿ ಮುಂದೆ ನಿಂತೆ. ಕೆಲಸ ಅದ ಏನ್ರಿ ಅಂದೆ. ಸಾವಕಾರರು ಮೇಲಿಂದ ಕೆಳಗೆ ನೋಡಿ, “ಉಂಡಿಯೇನು?” ಅಂದರು. ಉಂಡಿರಲಿಲ್ಲ. “ಮೊದ್ಲ ಉಣ್ಣು. ಹಸದಾವನ ಕೈಲೆ ನೀಡಸಬಾರದು, ಮಂದಿ ತಾಟಿನ ಮ್ಯಾಲ ಕಣ್ಣ ಇರ್ತದ.”

ಒಳಗೆ ಮೂರು ಒಲೆ, ಮೂವರು ಹೆಣ್ಣುಮಕ್ಕಳು. ಮೂಲೆ ಒಲೆ ಕಾಕು ಅವರದು (ಚಿಕ್ಕಮ್ಮನಂಥವರನ್ನು ನಮ್ಮ ಕಡೆ ಕಾಕು ಅನ್ನುತ್ತೇವೆ). ಜೋಳದ ಹಿಟ್ಟಿಗೆ ಗೋದಿಯ ಹಾಗೆ ಅಂಟು ಇಲ್ಲ ನೋಡಿ, ಕುದಿಯುವ ಎಸರು ಸುರಿದು ಬಿಸಿ ಇರುವಾಗಲೇ ನಾದಬೇಕು. ಹಿಟ್ಟು ಹಳೆಯದಾದರೆ ಬಡಿಯುವಾಗ ಅಂಚು ಬಿರಿಯುತ್ತದೆ. ಕಾಕು ಚಿಟಿಕೆ ಹಿಟ್ಟು ಬೆರಳಲ್ಲಿ ಉಜ್ಜಿ, “ಇದು ಎಂಟ ದಿನದ್ದು, ಗಿರಣಿಗೆ ಹೋಗೋ ತಮ್ಮಾ” ಅನ್ನುತ್ತಿದ್ದರು. ಡೋಣಿ ಹೊಳೆ ದಂಡೆಯ ಎರೆ ಹೊಲದ ಬಿಳಿ ಜೋಳ ಬಂದ ದಿನ ಮಾತ್ರ ಬೈಗುಳ ಇರುತ್ತಿರಲಿಲ್ಲ.

ಬಡಿಯುವ ಸಪ್ಪಳ ನನಗೆ ಈಗಲೂ ಕಿವಿಯಲ್ಲಿದೆ. ಶುರುವಿಗೆ ಸಪ್ಪಳ ದಪ್ಪ. ರೊಟ್ಟಿ ತೆಳ್ಳಗಾದಂತೆ ಹಗುರಾಗಿ ಚಟಚಟ ಅನ್ನುತ್ತದೆ. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಅಂದರೆ ಹಂಚಿಗೆ ಬಿತ್ತು. ಮೇಲೆ ಒದ್ದೆ ಬಟ್ಟೆ ಸವರಿ, ತಿರುವಿ, ಕೆಂಡಕ್ಕೆ ಒಡ್ಡುವಷ್ಟರಲ್ಲಿ ನಾನು ಹೊರಗೆ ಹಿಂಡಿ (ಚಟ್ನಿಪುಡಿ) ನೀಡಿ ಮುಗಿಸಿ ಒಳಗೆ ಓಡಬೇಕು. ಮೂವರ ಬಡಿತವೂ ಬೇರೆ ಬೇರೆ. ಕಾಕುದರಲ್ಲಿ ಬಳೆ ಸಪ್ಪಳವೂ ಸೇರಿರುತ್ತಿತ್ತು. ಅದು ಕೇಳಿದರೆ ಬರುವುದು ದೊಡ್ಡ ರೊಟ್ಟಿ ಅಂತ ಗೊತ್ತು. ಹಸಿದವರಂತೆ ಕಂಡವರಿಗೆ ಅದನ್ನೇ ಒಯ್ಯುತ್ತಿದ್ದೆ.

ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರೆ ಬಂತೆಂದರೆ ಉಸಿರಾಡಲೂ ಪುರಸೊತ್ತಿಲ್ಲ. ಅಂಥ ಒಂದು ಮಧ್ಯಾಹ್ನ, ಎತ್ತು ಕೊಳ್ಳಲು ಬಂದಿದ್ದ ಹಿರಿಯರೊಬ್ಬರ ಹೊಸ ಧೋತರದ ಮೇಲೆ ಎಣ್ಣೆಗಾಯಿ ಸುರಿದುಬಿಟ್ಟೆ. ಓಣಿಗೆಲ್ಲ ಕೇಳುವ ಹಾಗೆ ಬೈದರು. ಸಾವಕಾರರೂ ಬೈದರು, ಸುಳ್ಳು ಯಾಕೆ ಹೇಳಲಿ. ಕಾಕು ಎದ್ದು ಬಂದು ಒಂದು ಮುಷ್ಟಿ ಜೋಳದ ಹಿಟ್ಟನ್ನು ಕಲೆ ಮೇಲೆ ಒತ್ತಿ, “ಎಣ್ಣಿ ಹೀರತದ್ರಿ ಅಣ್ಣಾರ, ಅಲ್ಲೀತನಕಾ ಇನ್ನೊಂದ ರೊಟ್ಟಿ ಉಣ್ರಿ” ಅಂದರು. ಕಲೆ ಪೂರ್ತಿ ಹೋಗಲಿಲ್ಲ. ಅವರು ಇನ್ನೆರಡು ರೊಟ್ಟಿ ಉಂಡರು.

ಆ ಖಾನಾವಳಿ ಈಗಿಲ್ಲ, ಸಾವಕಾರರೂ ಇಲ್ಲ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ನನ್ನ ಅಂಗಡಿಗೂ ಬೀಗ ಬಿತ್ತು. ಆರು ತಿಂಗಳು ಕಂತು ಮುಂದೂಡಲು ಅವಕಾಶ ಸಿಕ್ಕಿತು, ಬಡ್ಡಿ ಮಾತ್ರ ಬೆಳೆಯುತ್ತಲೇ ಇತ್ತು. ಸುಮ್ನೆ ಗೋಡೆ ನೋಡುತ್ತ ಕೂತಿದ್ದ ದಿನಗಳವು. ಆಗ ಕಾಕು ಮೊಮ್ಮಗನ ಫೋನಿನಿಂದ ಮಾತಾಡಿದರು. “ಬಿಸಿ ರೊಟ್ಟಿ ಉಣ್ಣಾಕ ಯಾರೂ ಬರಂಗಿಲ್ಲಂದ್ರ ಖಡಕ್ ರೊಟ್ಟಿ ಬಡಸು. ತಿಂಗಳ ಇಟ್ರೂ ಕೆಡಂಗಿಲ್ಲ.” ಇಷ್ಟು ನನಗೆ ಹೊಳೆಯಬೇಕಿತ್ತು, ಅಲ್ವಾ? ಹೊಳೆಯಲಿಲ್ಲ. ಹೆಂಡತಿ ಮತ್ತು ಇಬ್ಬರು ಅಕ್ಕಂದಿರು ಮನೆಯಲ್ಲೇ ಬಡಿದರು. ಓಡಾಟಕ್ಕೆ ಬಿಟ್ಟ ಮೇಲೆ ನಾನು ಸೈಕಲ್ ಮೇಲೆ ಮನೆಮನೆಗೆ ಒಯ್ದೆ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ. ಲಾಭ ಅಷ್ಟಕ್ಕಷ್ಟೆ. ಆದರೆ ಆ ಗಿರಾಕಿಗಳೇ ಮುಂದೆ ಅಂಗಡಿಗೆ ಬಂದರು, ಇವತ್ತಿಗೂ ನಮ್ಮ ಅರ್ಧ ವ್ಯಾಪಾರ ಖಡಕ್ ರೊಟ್ಟಿಯದೇ.

ಕಂತು ಕಟ್ಟಿದ ಸಂಜೆ ಕಾಕು ಅವರನ್ನು ಆಟೋದಲ್ಲಿ ಕರೆತಂದು ಊಟಕ್ಕೆ ಕೂಡಿಸಿದೆ. ಕಾಲು ಮುಟ್ಟಲು ಹೋದರೆ ಸರಿದುಕೊಂಡರು. ರೊಟ್ಟಿ ಮುರಿದು ಬೆಳಕಿಗೆ ಹಿಡಿದು ನೋಡಿದರು.

“ಸಾಲ ಪೂರಾ ತೀರಿತಾ?”

“ತೀರಿತು ಕಾಕು.”

“ಹಂಗಾರ ಹಂಚ ಬದಲಸು. ನಡುವ ಬೇಯವಲ್ದು.”

ಇವತ್ತು ಹೊಸ ಹಂಚು ತಂದಿದ್ದೇನೆ. ಭಾನುವಾರ ಮತ್ತೆ ನೋಡಲು ಬರುತ್ತಾರಂತೆ.