ಮಗಳಿಗೊಂದು ಪತ್ರ: ನೊಂದವನೇ ಮೊದಲು ಬಂದನು

ಪ್ರೀತಿಯ ಮಗಳೇ,

ಗೆಳತಿಯೊಂದಿಗೆ ಮನಸ್ತಾಪವಾದಂದಿನಿಂದ, ಯೇಸುವಿನ ಮರಣವನ್ನು ನೆನೆದು ಸಭೆಯವರು ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಹೋಗುತ್ತಿಲ್ಲವೆಂದೂ ದೇವರ ಮುಂದೆ ನಿಲ್ಲುವ ಯೋಗ್ಯತೆ ಬಂದ ಮೇಲೆಯೇ ಹೋಗುವೆನೆಂದೂ ಬರೆದಿದ್ದೀಯೆ. ಪಾಪವನ್ನು ನೀನು ಹಗುರವಾಗಿ ಎಣಿಸುತ್ತಿಲ್ಲವೆಂದು ನನಗೆ ಸಂತೋಷವೇ ಆಯಿತು. ಆದರೆ ಯೋಗ್ಯತೆ ಮೊದಲು, ಸಮಾಧಾನ (ಮುರಿದ ಸಂಬಂಧ ಮತ್ತೆ ಕೂಡುವುದು) ಆಮೇಲೆ ಎಂಬುದು ಸುವಾರ್ತೆಯ ಕ್ರಮವಲ್ಲ.

ಕ್ರಿಸ್ತನು ಕಳುಹಿಸಿದ ಅಪೊಸ್ತಲನಾದ ಪೌಲನು ಗ್ರೀಸಿನ ಕೊರಿಂಥ ಪಟ್ಟಣದ ಸಭೆಯವರಿಗೆ ಬರೆದ ಎರಡನೆಯ ಪತ್ರವನ್ನು ಮೊದಲಿನಿಂದ ಓದು. ಆ ಸಭೆಯನ್ನು ನೆಟ್ಟವನು ಅವನೇ. ಗಲ್ಲಿಯೋನು ಆ ಪಟ್ಟಣವಿದ್ದ ಅಖಾಯ ಪ್ರಾಂತ್ಯದ ರೋಮನ್ ಅಧಿಪತಿಯಾಗಿದ್ದ ಕ್ರಿ.ಶ. 51ರ ಸುಮಾರಿಗೆ ಅವನು ಅಲ್ಲಿ ಒಂದೂವರೆ ವರ್ಷ ಉಳಿದು ಬೋಧಿಸಿದ್ದನು. ಕೆಲವೇ ವರ್ಷಗಳಲ್ಲಿ ಆ ಸಭೆಯವರೇ ಅವನ ಅಪೊಸ್ತಲತನವನ್ನು ಸಂಶಯಿಸಿದರು. ಅವನ ಒಂದು ಭೇಟಿ ದುಃಖದಲ್ಲಿ ಮುಗಿದು, ಕಣ್ಣೀರು ಸುರಿಸುತ್ತಾ ಅವರಿಗೆ ಪತ್ರ ಬರೆಯಬೇಕಾಯಿತು. ದೇವರೊಂದಿಗಿನ ಸಮಾಧಾನದ ಕುರಿತು ಐದನೆಯ ಅಧ್ಯಾಯದಲ್ಲಿರುವ ಮಾತುಗಳನ್ನು ಅವನು ಬರೆದದ್ದು ಹೀಗೆ ಮನಸ್ಸು ಮುರಿದಿದ್ದ ಜನರಿಗೆ.

ಇದೆಲ್ಲವೂ ದೇವರಿಂದಲೇ ಆದದ್ದು ಎಂದು ಅವನು ಅಲ್ಲಿ ಹೇಳುತ್ತಾನೆ. ದೇವರು ಕ್ರಿಸ್ತನಲ್ಲಿ ಲೋಕವನ್ನು ತನ್ನೊಂದಿಗೆ ಸಮಾಧಾನಪಡಿಸಿಕೊಂಡನು, ಜನರ ಅಪರಾಧಗಳನ್ನು ಅವರ ಲೆಕ್ಕಕ್ಕೆ ಹಾಕಲಿಲ್ಲ. ನಮ್ಮ ಊರುಗಳಲ್ಲಿ ತಪ್ಪು ಮಾಡಿದವನು ಹಿರಿಯರನ್ನು ಮುಂದಿಟ್ಟುಕೊಂಡು ನೊಂದವನ ಬಾಗಿಲಿಗೆ ಹೋಗುತ್ತಾನೆ. ಇಲ್ಲಿ ನೊಂದವನಾದ ದೇವರೇ ನಮ್ಮ ಬಾಗಿಲಿಗೆ ಬಂದು, ತನ್ನ ರಾಯಭಾರಿಗಳ ಮೂಲಕ ಬೇಡಿಕೊಳ್ಳುತ್ತಿದ್ದಾನೆ. ನಾವು ಇನ್ನೂ ವೈರಿಗಳಾಗಿದ್ದಾಗಲೇ ಆತನ ಮಗನ ಮರಣದ ಮೂಲಕ ಸಮಾಧಾನವಾಯಿತೆಂದು ರೋಮಾಪುರದವರಿಗೆ ಬರೆದ ಪತ್ರವೂ ಸಾರುತ್ತದೆ. ಕೋಪಗೊಂಡ ತಂದೆಯನ್ನು ಮಗನು ಹೇಗೋ ಒಲಿಸಿಕೊಂಡನೆಂಬಂತೆ ಕೆಲವರು ಬೋಧಿಸುವುದನ್ನು ಕೇಳಿದಾಗ ನನಗೆ ನೋವಾಗುತ್ತದೆ, ಏಕೆಂದರೆ ಮಗನನ್ನು ಕಳುಹಿಸಿದ್ದೇ ತಂದೆಯ ಪ್ರೀತಿ. ಹಾಗೆಂದು ಪಾಪವನ್ನು ಕಂಡೂ ಕಾಣದಂತೆ ಬಿಟ್ಟದ್ದೂ ಅಲ್ಲ. ಪಾಪವನ್ನೇ ಅರಿಯದವನು ನಮ್ಮ ಪಾಪವನ್ನು ಶಿಲುಬೆಯವರೆಗೂ ಹೊತ್ತನು.

ಅಯೋಗ್ಯವಾಗಿ ಉಣ್ಣಬಾರದೆಂದು ಪೌಲನೇ ಎಚ್ಚರಿಸಿದ್ದಾನಲ್ಲ ಎಂದು ನೀನು ಕೇಳಬಹುದು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೊಂದನೆಯ ಅಧ್ಯಾಯದಲ್ಲಿ ಅವನು ಗದರಿಸಿದ್ದು, ಇಲ್ಲದವರು ಹಸಿದಿರುವಾಗ ತಾವು ಮೊದಲೇ ಉಂಡು ಅವರನ್ನು ನಾಚಿಕೆಪಡಿಸಿದವರನ್ನು. ಪ್ರತಿಯೊಬ್ಬರೂ ತಮ್ಮನ್ನು ಪರೀಕ್ಷಿಸಿಕೊಳ್ಳಲಿ ಎಂದವನು, ಪರೀಕ್ಷಿಸಿಕೊಂಡವರು ಆ ರೊಟ್ಟಿಯನ್ನು ತಿನ್ನಲಿ ಎಂದೂ ಅದೇ ಉಸಿರಿನಲ್ಲಿ ಹೇಳಿದ್ದಾನೆ. ತನ್ನ ಅಯೋಗ್ಯತೆಗಾಗಿ ಅಳುವವಳನ್ನು ದೂರವಿಡಲು ಆಡಿದ ಮಾತು ಅದಲ್ಲ.

ಇನ್ನು ನಿನ್ನ ಗೆಳತಿಯ ವಿಷಯ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು, ಮೊದಲು ಹೋಗಿ ಸಹೋದರನೊಂದಿಗೆ ಒಂದಾಗು ಎಂದು ಯೇಸು ಬೆಟ್ಟದ ಪ್ರಸಂಗದಲ್ಲಿ ಹೇಳಿದನು; ಆಮೇಲೆ ಬಂದು ಕಾಣಿಕೆಯನ್ನು ಅರ್ಪಿಸು ಎಂದನೇ ಹೊರತು ಬರಬೇಡವೆನ್ನಲಿಲ್ಲ. ತಪ್ಪು ಅವಳದ್ದೇ ಆಗಿದ್ದರೂ ನೀನೇ ಮೊದಲು ಮಾತನಾಡಿಸು. ಅವಳು ಒಪ್ಪದಿದ್ದರೂ ನಿನಗೆ ದೇವರೊಂದಿಗಿರುವ ಸಮಾಧಾನ ಮುರಿಯುವುದಿಲ್ಲ, ಅದು ಅವಳ ಉತ್ತರದ ಮೇಲೆ ನಿಂತದ್ದಲ್ಲ. ಈ ವಾರವೇ ಫೋನು ಮಾಡು. ಭಾನುವಾರದ ಆರಾಧನೆಗೆ ಹೋಗಿ ಎಲ್ಲರೊಂದಿಗೆ ಕರ್ತನ ಭೋಜನವನ್ನು ತೆಗೆದುಕೋ. ಅಮ್ಮನೂ ನಾನೂ ನಿಮ್ಮಿಬ್ಬರಿಗಾಗಿಯೂ ಪ್ರಾರ್ಥಿಸುತ್ತಿದ್ದೇವೆ.

ನಿನ್ನ ಪ್ರೀತಿಯ
ಅಪ್ಪ