ಫೆಲೋಶಿಪ್ ಕೊಟ್ರಿ, ದಾರಿ ಹೇಳೋರು ಯಾರು ಸರ್? ವಿಜ್ಞಾನ ತಂತ್ರಜ್ಞಾನ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಎನ್.ಎಸ್. ಬೋಸರಾಜು ಸರ್, ನಮಸ್ಕಾರ.

ನಾನು ಲಿಂಗಸುಗೂರು ತಾಲೂಕಿನ ಒಂದು ತಾಂಡಾದವಳು. ಈಗ ಬೆಂಗಳೂರಿನ ಒಂದು ಲ್ಯಾಬಲ್ಲಿ ಪೋಸ್ಟ್‌ಡಾಕ್, ಅಂದ್ರೆ ಪಿಎಚ್‌ಡಿ ಆದ ಮೇಲಿನ ಸಂಶೋಧನೆ, ಮಾಡ್ತಿದೀನಿ, ಟಿಬಿ ಬ್ಯಾಕ್ಟೀರಿಯಾ ಮೇಲೆ ಕೆಲಸ. ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ, ಅಪ್ಪ ಅವ್ವ ವರ್ಷದಲ್ಲಿ ಆರು ತಿಂಗಳು ಪುಣೆ ಕಡೆ ಗುಳೆ ಹೋಗ್ತಿದ್ರು, ನಾನು ಅಜ್ಜಿ ಹತ್ರ ಇದ್ದು ಓದಿದೋಳು. ನಮ್ಮ ರಾಯಚೂರಿನವರೇ ಈ ಇಲಾಖೆ ನೋಡ್ಕೋತಿದೀರಿ ಅನ್ನೋ ಧೈರ್ಯದ ಮೇಲೆ ಬರೀತಿದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ.

ಮೈಕ್ರೋಪಿಪೆಟ್ ಅಂತ ಒಂದು ಉಪಕರಣ ಇರುತ್ತೆ ಸರ್, ಮೇಲ್ಗಡೆ ಹೆಬ್ಬೆರಳಲ್ಲಿ ಒತ್ತೋ ಗುಂಡಿ. ಅದು ಎರಡು ಹಂತದಲ್ಲಿ ಕೆಳಗಿಳಿಯುತ್ತೆ. ದ್ರವ ಎಳ್ಕೊಳ್ಳೋಕೆ ಮೊದಲನೇ ಹಂತದ ತನಕ ಮಾತ್ರ ಒತ್ತಬೇಕು, ಹೊರಗೆ ಬಿಡುವಾಗ ಎರಡನೇ ಹಂತದ ತನಕ. ನಾನು ಎಮ್ಮೆಸ್ಸಿ ಓದಿದ ಕಡೆ ಇಡೀ ಬ್ಯಾಚಿಗೆ ಎರಡೇ ಪಿಪೆಟ್, ಅದೂ ಬೀರುವಿನಲ್ಲಿ ಬೀಗ ಹಾಕಿ ಇಟ್ಟಿರೋರು, ಡಿಎನ್‌ಎ ತುಣುಕನ್ನ ಲಕ್ಷಾಂತರ ಪ್ರತಿ ಮಾಡೋ ಪಿಸಿಆರ್ ಅಂದ್ರೆ ಬೋರ್ಡ್ ಮೇಲಿನ ಚಿತ್ರ ಅಷ್ಟೇ. ಪಿಎಚ್‌ಡಿಗೆ ಸೇರಿದ ಮೊದಲ ಮೂರು ವಾರ ನಾನು ಎಳ್ಕೊಳ್ಳುವಾಗಲೂ ಪೂರ್ತಿ ಕೆಳಗೆ ಒತ್ತುತಿದ್ದೆ, ಪ್ರತಿ ಸಲ ಬೇಕಾದ್ದಕ್ಕಿಂತ ಜಾಸ್ತಿ ಬರ್ತಿತ್ತು, ಒಂದು ಪಿಸಿಆರೂ ಆಗ್ಲಿಲ್ಲ, ಫಲಿತಾಂಶ ತೋರ್ಸೋ ಜೆಲ್ ನೋಡಿದ್ರೆ ಅಳತೆಗೆ ಹಾಕೋ ಲ್ಯಾಡರ್ ಒಂದು ಬಿಟ್ಟು ಮಿಕ್ಕಿದ್ದೆಲ್ಲ ಬರೀ ಕಪ್ಪು. ಪಕ್ಕದ ಬೆಂಚಿನವರೆಲ್ಲ ದೊಡ್ಡ ದೊಡ್ಡ ಕಡೆ ಓದಿ ಬಂದೋರು, ಕೇಳೋಕೆ ಭಯ, ರಿಸರ್ವೇಷನ್ನಲ್ಲಿ ಬಂದೋಳು ಅದಕ್ಕೇ ಹಿಂಗೆ ಅಂದ್ಬಿಡ್ತಾರೇನೋ ಅಂತ. ರಾತ್ರಿ ಹಾಸ್ಟೆಲಲ್ಲಿ ಬ್ಯಾಗ್ ಕೂಡ ತುಂಬಿ ಇಟ್ಟಿದ್ದೆ.

ಕೊಪ್ಪಳ ಕಡೆ ಸೀನಿಯರ್ ಅಕ್ಕ ಒಬ್ರು ಒಂದು ಸಂಜೆ ನನ್ನ ಕೈ ನೋಡಿದ್ರು. ಬಯ್ಯಲಿಲ್ಲ. ನೀರಿಗೆ ನೀಲಿ ಡೈ ಹಾಕಿ, ನನ್ನ ಹೆಬ್ಬೆರಳ ಮೇಲೆ ತಮ್ಮ ಹೆಬ್ಬೆರಳಿಟ್ಟು ‘ಇಲ್ಲಿಗೆ ತಡಿತೈತಿ ನೋಡು, ಇಲ್ಲೇ ನಿಲ್ಸು’ ಅಂದ್ರು. ಹತ್ತು ನಿಮಿಷ ಆಗಿರಬಹುದು. ಮಾರನೇ ದಿನ ಜೆಲ್ಲಲ್ಲಿ ಬ್ಯಾಂಡ್ ಬಂತು, ಪಿಸಿಆರ್ ಆಗಿತ್ತು.

ಆ ಹತ್ತು ನಿಮಿಷ ಸಿಗದೆ ಬಿಟ್ಟು ಹೋದವರು ನನಗೆ ಗೊತ್ತು ಸರ್. ನನಗಿಂತ ಚೆನ್ನಾಗಿ ಓದ್ತಿದ್ದೋರು.

ಪಿಪೆಟ್ ಒಂದೇ ಅಲ್ಲ. ಯಾವ ಲ್ಯಾಬ್ ಸೇರ್ಬೇಕು, ಪೇಪರಲ್ಲಿ ಮೊದಲ ಹೆಸರು ಯಾರದ್ದು ಅಂತ ಯಾವಾಗ ಮಾತಾಡ್ಬೇಕು, ರೆಕಮೆಂಡೇಷನ್ ಲೆಟರ್ ಹೆಂಗೆ ಕೇಳ್ಬೇಕು, ಪೋಸ್ಟ್‌ಡಾಕ್‌ಗೆ ಎಷ್ಟು ತಿಂಗಳು ಮುಂಚೆ ಮೇಲ್ ಹಾಕ್ಬೇಕು, ಇದ್ಯಾವುದೂ ಯಾವ ಸಿಲಬಸ್ಸಲ್ಲೂ ಇಲ್ಲ. ಅಪ್ಪ ಅಮ್ಮ ಪ್ರೊಫೆಸರೋ ಡಾಕ್ಟರೋ ಆಗಿದ್ರೆ ಊಟಕ್ಕೆ ಕೂತಾಗಲೇ ಮಕ್ಕಳ ಕಿವಿಗೆ ಬಿದ್ದಿರುತ್ತೆ. ನಾನು ‘ರೆಸ್ಪೆಕ್ಟೆಡ್ ಸರ್’ ಅಂತ ಶುರು ಮಾಡಿ ಎರಡು ಪುಟ ಮನೆ ಕಷ್ಟ ಬರೆದು ಮೂವತ್ತು ಕಡೆ ಕಳಿಸಿದ್ದೆ, ಒಂದಕ್ಕೂ ಉತ್ತರ ಇಲ್ಲ. ಅದೇ ಅಕ್ಕ ಅದನ್ನ ಎಂಟು ಸಾಲಿಗೆ ಇಳಿಸಿದ್ರು, ಆಮೇಲೆ ನಾಲ್ಕು ಉತ್ತರ ಬಂತು. ನನ್ನ ಗೈಡ್ ಕೆಟ್ಟವರೇನಲ್ಲ, ಆದ್ರೆ ಇದು ಕೂಡ ಹೇಳಿಕೊಡಬೇಕಾದ ವಿಷಯ ಅಂತ ಅವರಿಗೆ ಹೊಳೆದೇ ಇರಲಿಲ್ಲ.

ದುಡ್ಡಿನ ಮಾತು ಬೇಗ ಮುಗಿಸ್ತೀನಿ. 2023ರ ಜನವರಿಯಿಂದ ಪಿಎಚ್‌ಡಿ ಶುರುವಿನ ಫೆಲೋಶಿಪ್ ಜೆಆರ್‌ಎಫ್ ತಿಂಗಳಿಗೆ 37,000 ಆಯ್ತು, ಆಮೇಲಿನ ಎಸ್‌ಆರ್‌ಎಫ್ 42,000. ಆರ್ಡರ್ ಚೆನ್ನಾಗೇ ಇದೆ, ಆದ್ರೆ ನನ್ನ ಫೆಲೋಶಿಪ್ ಒಂದು ಸಲ ಏಳು ತಿಂಗಳು ಬರಲಿಲ್ಲ, ಅವ್ವನ ಬೆಳ್ಳಿ ಒಡವೆ ಅಡ ಇಟ್ಟು ಮೆಸ್ ಬಿಲ್ ಕಟ್ಟಿದ್ವಿ. ಪುಣೆಯಿಂದ ಮನೆಗೆ ದುಡ್ಡು ಬರೋ ನಮ್ಮಂಥೋರ ಮನೆಗೆ ಪಿಎಚ್‌ಡಿ ಹುಡುಗಿ ಫೋನ್ ಮಾಡಿ ದುಡ್ಡು ಕೇಳೋದು ಅಂದ್ರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

2011ರ ಜನಗಣತಿ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಹತ್ತಿರ ಹತ್ತಿರ ಹತ್ತರಲ್ಲಿ ನಾಲ್ಕು ಜನ ಎಸ್‌ಸಿ, ಎಸ್‌ಟಿ. ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಮೀಸಲು ಕೊಡೋ ಸಂವಿಧಾನದ 371ಜೆ ಬಂದ ಮೇಲೆ ರಾಜ್ಯದ ಕಾಲೇಜುಗಳಲ್ಲಿ ಸೀಟು ಸಿಕ್ತು, ಅದರಿಂದಾನೇ ನಮ್ಮಲ್ಲಿ ಎಷ್ಟೋ ಜನ ಓದಿದ್ದು. ಆದ್ರೆ ಬಯೋಮೆಡಿಕಲ್ ರಿಸರ್ಚ್ ನಡೆಯೋ ಬೆಂಗಳೂರಿನ ದೊಡ್ಡ ಸಂಸ್ಥೆಗಳು, ಐಐಎಸ್‌ಸಿ, ಎನ್‌ಸಿಬಿಎಸ್, ನಿಮ್ಹಾನ್ಸ್, ಇವೆಲ್ಲ ಕೇಂದ್ರದ್ದು, ಅಲ್ಲಿಗೆ 371ಜೆ ಹೋಗಲ್ಲ. ಅಲ್ಲಿ ಸೀಟು ಸಿಕ್ಕಿದ ಮೇಲೂ ಪಿಎಚ್‌ಡಿ ಮುಗಿಸಿ ಪೋಸ್ಟ್‌ಡಾಕ್, ಅದಾದ ಮೇಲೆ ಫ್ಯಾಕಲ್ಟಿ ಅಂತ ಹೋಗೋ ಮೆಟ್ಟಿಲಲ್ಲಿ ನಮ್ಮೋರು ಒಂದೊಂದೇ ಮೆಟ್ಟಿಲಿಗೆ ಕಮ್ಮಿ ಆಗ್ತಾ ಹೋಗ್ತಾರೆ.

ಇದು ನಮ್ಮೊಬ್ಬರ ಕಥೆ ಅಲ್ಲ. ಅಮೆರಿಕದಲ್ಲಿ 2011ರಲ್ಲಿ ಒಂದು ಅಧ್ಯಯನ ಬಂತು. ಓದು, ತರಬೇತಿ, ಪೇಪರ್ ಎಲ್ಲಾ ಲೆಕ್ಕಕ್ಕೆ ತಗೊಂಡ ಮೇಲೂ ಕಪ್ಪು ವಿಜ್ಞಾನಿಗಳಿಗೆ ಅಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಗ್ರ್ಯಾಂಟ್ ಸಿಗೋ ಸಾಧ್ಯತೆ ಬಿಳಿಯರಿಗಿಂತ ಶೇಕಡಾ 10 ಅಂಶದಷ್ಟು ಕಮ್ಮಿ ಅಂತ ಗೊತ್ತಾಯ್ತು. ಆಗ ಎನ್‌ಐಎಚ್‌ನವರು ಸುಮ್ನೆ ಕೂರಲಿಲ್ಲ, 2014ರಲ್ಲಿ ನ್ಯಾಷನಲ್ ರಿಸರ್ಚ್ ಮೆಂಟರಿಂಗ್ ನೆಟ್‌ವರ್ಕ್ ಅಂತ ಕಟ್ಟಿದ್ರು, ದುಡ್ಡು ಹಾಕಿ, ದಾರಿ ಹೇಳೋ ಮೆಂಟರ್‌ಗಳಿಗೇ ತರಬೇತಿ ಕೊಟ್ರು. ಈಗ ಅಲ್ಲಿನ ಸರ್ಕಾರ ಅಂಥ ಕೆಲಸಗಳಿಗೆ ಕತ್ತರಿ ಹಾಕ್ತಿದೆ, ಅದು ಬೇರೆ ನೋವು. ನಾವಂತೂ ಇನ್ನೂ ಶುರುವೇ ಮಾಡಿಲ್ಲ.

ನಿಮ್ಮ ಇಲಾಖೆ ಕೆಸ್ಟೆಪ್ಸ್ ಅನ್ನೋ ಸೊಸೈಟಿ ಮೂಲಕ ಪಿಎಚ್‌ಡಿ ಫೆಲೋಶಿಪ್ ಕೊಡುತ್ತೆ, ವಿಜಿಎಸ್‌ಟಿ ಅನ್ನೋ ವಿಜ್ಞಾನ ತಂತ್ರಜ್ಞಾನ ವಿಷನ್ ಗ್ರೂಪ್ ಕಡೆಯಿಂದ ಕಾಲೇಜು ಲ್ಯಾಬುಗಳಿಗೆ ಉಪಕರಣ ಬರುತ್ತೆ, ಒಳ್ಳೇದು. ನಾನು ಕೇಳೋದು ಇಷ್ಟು: ಫೆಲೋಶಿಪ್ ತಗೊಳ್ಳೋ ಒಬ್ಬೊಬ್ಬರಿಗೂ ಗೈಡ್ ಬಿಟ್ಟು ಇನ್ನೊಬ್ಬ ಮೆಂಟರ್ ಇರಲಿ, ಬೇರೆ ಸಂಸ್ಥೆಯವರು, ತಿಂಗಳಿಗೊಮ್ಮೆ ಕೂತು ಮಾತಾಡೋರು, ಆ ಟೈಮಿಗೆ ಗೌರವಧನ ಕೊಡಿ, ಅವರ ಪ್ರಮೋಷನ್ ಲೆಕ್ಕಕ್ಕೂ ಅದು ಬರಲಿ. ಕಾರ್ಯಾಗಾರ ಮಾಡಿ ಗ್ರೂಪ್ ಫೋಟೋ ತೆಗೆಸಿ ಸರ್ಟಿಫಿಕೇಟ್ ಹಂಚಿದ್ರೆ ಸಾಲಲ್ಲ. ಇನ್ನೊಂದು, ಫೆಲೋಶಿಪ್ ತಡ ಆದ ತಿಂಗಳುಗಳಿಗೆ ತುರ್ತು ನಿಧಿ ಇರಲಿ, ಬಾಕಿ ಬಂದಾಗ ಹಿಡ್ಕೊಳ್ಳಿ. ರಾಯಚೂರು, ಕಲಬುರಗಿ, ಬಳ್ಳಾರಿ ಎಮ್ಮೆಸ್ಸಿ ಮಕ್ಕಳು ಬೆಂಗಳೂರಿನ ಲ್ಯಾಬಲ್ಲಿ ಎರಡು ತಿಂಗಳು ಇದ್ದು ಕೆಲಸ ಕಲಿಯೋಕೆ ಊಟ, ರೂಮಿನ ಖರ್ಚು ಕೊಡಿ, ಕಲ್ಯಾಣ ಕರ್ನಾಟಕ ಮಂಡಳಿಯ 5,000 ಕೋಟಿ ಬಜೆಟ್ಟಲ್ಲಿ ಇದು ಕಣ್ಣಿಗೂ ಕಾಣಲ್ಲ.

ಇದರಿಂದ ಊರಿಗೇನು ಲಾಭ ಅಂತ ಕೇಳೋರಿಗೆ ನಾನು ಸುರಪುರ ತಾಲೂಕಿನ ಕಿರದಳ್ಳಿ ತಾಂಡಾ ಕಥೆ ಹೇಳ್ತೀನಿ. ಹಳೇ ಚಿನ್ನದ ಗಣಿ ಪಟ್ಟಿ ಅದು, ಬೋರ್‌ವೆಲ್ ನೀರಲ್ಲಿ ಆರ್ಸೆನಿಕ್, ಕುಡಿದೋರ ಅಂಗೈ ಅಂಗಾಲಲ್ಲಿ ಚರ್ಮ ಗಟ್ಟಿಯಾಗಿ ಗಂಟು ಗಂಟಾಯ್ತು. ಹೊರಗಿನ ವಿಜ್ಞಾನಿಗಳು ಬಂದು ಸ್ಯಾಂಪಲ್ ತಗೊಂಡು ಪೇಪರ್ ಬರೆದ್ರು, ಅವರಿಗೆ ಋಣಿ. ಆದ್ರೆ ಆ ನೀರು ಹೊತ್ತು ತಂದ ಹೆಂಗಸರ ಜತೆ ಅವರದ್ದೇ ಲಂಬಾಣಿ ಭಾಷೆ ಗೋರ್ ಬೋಲಿಯಲ್ಲಿ ಮಾತಾಡಿ, ಯಾವ ಕೊಡ ಯಾವ ಬೋರಿಂದು, ಬಾಣಂತಿ ಏನು ಕುಡಿದ್ಲು ಅಂತ ವಿಚಾರಿಸೋ ವಿಜ್ಞಾನಿ ತಾಂಡಾದಿಂದಲೇ ಬಂದ್ರೆ ಕೇಳೋ ಪ್ರಶ್ನೆಗಳೇ ಬೇರೆ ಇರ್ತವೆ. ಏಮ್ಸ್ ಬೇಕು ಅಂತ 2022ರ ಮೇ ತಿಂಗಳಲ್ಲಿ ರಾಯಚೂರಲ್ಲಿ ಧರಣಿ ಶುರುವಾಯ್ತು, ಸಾವಿರ ದಿನ ದಾಟಿದ ಹೋರಾಟ ಅದು. ನಾಳೆ ಏಮ್ಸ್ ಬಂದ್ರೆ ಅಲ್ಲಿ ಸಂಶೋಧನೆ ಮಾಡೋಕೆ ನಮ್ಮ ಮಕ್ಕಳು ತಯಾರಿರ್ತಾರಾ ಅನ್ನೋದು ನನ್ನ ಚಿಂತೆ.

ಭಾನುವಾರ ಸಂಜೆ ದೇವದುರ್ಗ, ಮಾನ್ವಿ, ಸಿಂಧನೂರಿನ ಮೂರು ಹುಡುಗಿಯರು ನನಗೆ ಫೋನ್ ಮಾಡ್ತಾರೆ, ಒಬ್ಬೊಬ್ಬಳಿಗೂ ಅರ್ಧ ಗಂಟೆ ಅಂದ್ಕೊಂಡಿರ್ತೀನಿ, ರಾತ್ರಿ ಹತ್ತಾಗುತ್ತೆ. ನೀವು ಮುಂದಿನ ಸಲ ರಾಯಚೂರಿಗೆ ಬಂದಾಗ ನಮಗೆ ಅರ್ಧ ಗಂಟೆ ಕೊಡಿ ಸರ್. ಮೂವರನ್ನೂ ಕರ್ಕೊಂಡು ಬರ್ತೀನಿ. ಅರ್ಜಿ ತರಲ್ಲ, ಅವರು ಲ್ಯಾಬುಗಳಿಗೆ ಕಳಿಸಿ ಉತ್ತರ ಬಾರದ ಮೇಲ್‌ಗಳ ಪ್ರಿಂಟೌಟ್ ತರ್ತೀವಿ, ನೀವೇ ಒಂದ್ಸಲ ಓದಿ ನೋಡಿ.

ನಿಮ್ಮ ಜಿಲ್ಲೆಯ ಒಬ್ಬ ಸಂಶೋಧಕಿ